ಎರಡು ಕಿಟಕಿ, ಒಂದೇ ಹೊಟ್ಟೆ

ಚನ್ನರಾಯಪಟ್ಟಣ, ೧೯೬೪

ಮಾನ್ಯ ಔಷಧ ವಿಭಾಗದ ಮೇಲಧಿಕಾರಿಗಳೇ,

ನಿಮ್ಮ ಹೊಸ ಆಜ್ಞೆ ನನ್ನ ಹೆಂಡತಿಯನ್ನು ಕೊಲ್ಲಲಿದೆ. ಸುತ್ತಿ ಬಳಸಿ ಹೇಳುವಷ್ಟು ಪುರುಸೊತ್ತು ನನಗಿಲ್ಲ. ಈ ತಿಂಗಳಿನಿಂದ ಹೊಳೆನರಸೀಪುರದ ಆಸ್ಪತ್ರೆಯಲ್ಲಿ ಕ್ಯಾನ್ಸರಿನ ಔಷಧಿಗೆ ಒಂದು ಕಿಟಕಿ, ಉಳಿದ ಕಾಯಿಲೆಗಳಿಗೆ ಇನ್ನೊಂದು. ಒಂದರವರು ಇನ್ನೊಂದರ ಚೀಟಿ ನೋಡಕೂಡದು ಎಂದಿದ್ದೀರಿ. ಶಿಸ್ತೆಂದರೆ ಹೀಗಿರಬೇಕು! ಆದರೆ ರೋಗಿಗೆ ಇರುವುದು ಒಂದೇ ಹೊಟ್ಟೆ. ಅದರೊಳಗೂ ಗೋಡೆ ಕಟ್ಟಿಸುವ ಯೋಜನೆ ತಮ್ಮಲ್ಲಿ ಉಂಟೇ?

ನನ್ನ ಹೆಂಡತಿ ಮರುದೇವಿಗೆ ಸಿಹಿಮೂತ್ರ ಹಳೆಯದು, ಎದೆಯ ಕ್ಯಾನ್ಸರ್ ಹೊಸದು. ಬೆಂಗಳೂರಿನ ವೈದ್ಯರು ಕೊಡುವ ಮಾತ್ರೆಗಳಲ್ಲೊಂದು ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಅದನ್ನು ಇಳಿಸಲು ಇಲ್ಲಿನ ವೈದ್ಯರದು ಬೇರೆ ಮಾತ್ರೆ. ಬೆಂಗಳೂರಿನದು ನಿಂತರೆ ಇಲ್ಲಿಯದನ್ನೂ ತಗ್ಗಿಸಬೇಕು, ಇಲ್ಲವಾದರೆ ಸಕ್ಕರೆ ತೀರಾ ಇಳಿದು ಜೀವಕ್ಕೇ ಅಪಾಯ. ಇದನ್ನೆಲ್ಲ ನೋಡಿಕೊಳ್ಳುತ್ತಿದ್ದವರು ಆ ಆಸ್ಪತ್ರೆಯ ಫಾರ್ಮಸಿಸ್ಟ್ ಗೌರೀಶಂಕರ. ಮನೆಯಲ್ಲಿರುವ ಔಷಧಿಯನ್ನೆಲ್ಲ ಗಂಟು ಕಟ್ಟಿ ತರಬೇಕೆಂಬುದು ಅವರ ಕಟ್ಟಳೆ. ಬೆಂಚಿನ ಮೇಲೆ ಹರಡಿ, ನಮ್ಮನ್ನು ಚೆನ್ನಾಗಿ ಬೈದು, ಇಬ್ಬರು ವೈದ್ಯರಿಗೂ ಬರೆದು ಕೇಳಿದ ಮೇಲೆಯೇ ಔಷಧಿ ಕೊಡುತ್ತಿದ್ದರು. ಬಾಯಿ ಬಹಳ ಕೆಟ್ಟದ್ದು.

ಅವರೂ ಒಮ್ಮೆ ತಪ್ಪಿದರು. ಸಕ್ಕರೆ ಇಳಿಸುವ ಮಾತ್ರೆಯನ್ನು ರಾತ್ರಿ ಎಂಟಕ್ಕೆ ಕೊಡಿ ಎಂದರು. ಬೇರೆಯವರು ಅದಾದ ಮೇಲೆ ಉಣ್ಣುತ್ತಾರೆ. ನಾವು ಜೈನರು, ಹೊತ್ತು ಮುಳುಗುವ ಮುಂಚೆಯೇ ಊಟ ಮುಗಿಸುವವರು. ಮಾತ್ರೆ ನುಂಗಿದ ಮರುದೇವಿ ಬೆವರಿ, ನಡುಗಿ, ಮಾತು ತೊದಲಿ ಬಿದ್ದಳು. ಕ್ಯಾನ್ಸರ್ ಮೆದುಳಿಗೇರಿತೆಂದು ನಾವು ಗೋಳಾಡಿದೆವು. ಪಕ್ಕದ ಮನೆಯ ಶಿವಯ್ಯನ ತಾಯಿಗೂ ಸಿಹಿಮೂತ್ರ. ಅವನು ಓಡಿಬಂದು, "ಸಕ್ಕರೆ ಇಳ್ದೋಗದೆ ಕಣಣ್ಣಾ, ಬೆಲ್ಲದ ನೀರು ಕುಡ್ಸು ಬ್ಯಾಗ" ಎಂದ. ಚೇತರಿಸಿಕೊಂಡವಳು ಬದುಕಿದೆನೆಂದು ನಗಲಿಲ್ಲ, ರಾತ್ರಿ ಬೆಲ್ಲ ಬಾಯಿಗೆ ಹೋಗಿ ವ್ರತ ಕೆಟ್ಟಿತೆಂದು ಅತ್ತಳು.

ಸುದ್ದಿ ಮುಟ್ಟಿದ್ದೇ ಗೌರೀಶಂಕರ ಬಸ್ಸು ಹತ್ತಿ ನಮ್ಮ ಮನೆಗೆ ಬಂದರು. "ಔಷಧಿ ಎಲ್ಲಾ ಕೇಳ್ದೆ ಕಣಮ್ಮಾ, ಊಟ ಯಾವ್ ಒತ್ತಿಗೆ ಅಂತ ಕೇಳ್ಲಿಲ್ಲ. ತಪ್ಪು ನಂದೇ" ಎಂದರು. ವೈದ್ಯರ ಒಪ್ಪಿಗೆ ಪಡೆದು ಮಾತ್ರೆಯನ್ನು ಸಂಜೆಯ ಊಟಕ್ಕೆ ಹೊಂದಿಸಿದರು. ಅಂದಿನಿಂದ ಬಂದವರನ್ನೆಲ್ಲ ಊಟದ ಹೊತ್ತು ಕೇಳತೊಡಗಿದರು.

ಅಂಥವರನ್ನು ನೀವು ಉಗ್ರಾಣದಲ್ಲಿ ಹತ್ತಿ, ಬ್ಯಾಂಡೇಜು ಕಾಯಲು ಕೂರಿಸಿದ್ದೀರಿ. ಫಲ ಆಗಲೇ ಬಂದಿದೆ. ಕೊಣನೂರಿನ ಲಕ್ಕಯ್ಯನಿಗೆ ಗಂಟಲ ಕ್ಯಾನ್ಸರಿನ ಜೊತೆ ರಕ್ತದೊತ್ತಡವೂ ಇತ್ತು. ಒತ್ತಡ ಇಳಿಸುವ ಔಷಧಿ ಅವನ ಎರಡು ಚೀಟಿಯಲ್ಲೂ ಇತ್ತು, ಎರಡು ಕಿಟಕಿಯವರೂ ಕೊಟ್ಟರು. ಮಾತ್ರೆಯ ಬಣ್ಣ ಮಾತ್ರ ಬೇರೆ. ಅರಕಲಗೂಡಿನ ಬಸ್ ನಿಲ್ದಾಣದಲ್ಲಿ ಎದ್ದು ನಿಂತವನು ಹಾಗೇ ಕುಸಿದ, ಮತ್ತೆ ಏಳಲಿಲ್ಲ. ಅವನ ಅಕ್ಕ ಸಣ್ಣಕ್ಕ ಆಸ್ಪತ್ರೆಯ ಜಗುಲಿಯಲ್ಲಿ ನನ್ನ ಮುಂದೆ ಗಂಟು ಬಿಚ್ಚಿ, "ಇಬ್ರೂ ಕೊಟ್ರು ಸಾ. ಇಬ್ರ ಮಾತೂ ಮೀರ್ಬಾರ್ದು ಅಂತ ಎಲ್ಡೂ ನುಂಗ್ದ" ಎಂದಳು. ಕ್ಯಾನ್ಸರಿನಿಂದ ಸತ್ತನೆಂದು ನಿಮ್ಮವರು ಹೇಳಿದರಂತೆ. ಕ್ಯಾನ್ಸರ್ ಬಂದವರು ಯಾವುದರಿಂದ ಸತ್ತರೂ ಅದರಿಂದಲೇ ಸತ್ತಂತೆ. ನಿಮ್ಮ ಕಚೇರಿಗೆ ಇದಕ್ಕಿಂತ ಅನುಕೂಲದ ಕಾಯಿಲೆ ಎಲ್ಲಿ ಸಿಕ್ಕೀತು?

ನಿನ್ನೆ ಬೆಂಗಳೂರಿನವರು ಮರುದೇವಿಗೆ ಸಕ್ಕರೆ ಏರಿಸುವ ಮಾತ್ರೆಯನ್ನು ನಿಲ್ಲಿಸಿದರು. ಇಂದು ಇಲ್ಲಿನ ಕಿಟಕಿಯವರು ಹಳೆಯ ಅಳತೆಯಲ್ಲೇ ಸಕ್ಕರೆ ಇಳಿಸುವ ಮಾತ್ರೆ ಕೊಟ್ಟರು. ಬೆಂಗಳೂರಿನ ಚೀಟಿ ಹಿಡಿದರೆ ಮುಖ ತಿರುಗಿಸಿದರು. ಪಾಪ, ನೌಕರಿ ಯಾರಿಗೆ ಬೇಡ? "ಕೊಟ್ರೂ ಭಯ, ಬಿಟ್ರೂ ಭಯ ಅಂತೀರಿ. ನಾನೇನ್ ಮಾಡ್ಲಿ?" ಎಂದು ಮರುದೇವಿ ಕೇಳುತ್ತಿದ್ದಾಳೆ. ನನಗೆ ಹೆದರಿಕೆಯಾಗಿದೆ, ಸ್ವಾಮಿ.

ಗೌರೀಶಂಕರರನ್ನು ನಾಳೆಯೇ ಅವರ ಜಾಗಕ್ಕೆ ಮರಳಿಸಿ, ಎಲ್ಲ ಚೀಟಿಗಳನ್ನೂ ಒಟ್ಟಿಗೆ ನೋಡಲು ಬಿಡಿ. ಅದಾಗದಿದ್ದರೆ, ಹಳೆಯ ಅಳತೆಯ ಮಾತ್ರೆಯನ್ನೇ ಮರುದೇವಿಗೆ ಕೊಡಬಹುದೆಂದು ಬರೆದು, ಕೆಳಗೆ ನಿಮ್ಮ ರುಜು ಹಾಕಿ ಕಳಿಸಿ. ಆಮೇಲೆ ಏನಾದರೂ ಆದರೆ, ಅದು ಕ್ಯಾನ್ಸರ್ ಅಲ್ಲವೆಂಬುದು ನಮ್ಮಿಬ್ಬರಿಗಾದರೂ ಗೊತ್ತಿರಲಿ.

ಇಂತಿ,
ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು ಕೂತಿರುವ,
ಮರುದೇವಿಯ ಗಂಡ ಜಿನದಾಸ