ಲೆಕ್ಕಕ್ಕೆ ಬಾರದ ಹೊಂಗೆ

೧೮ ಏಪ್ರಿಲ್ ೨೦೦೮, ಶುಕ್ರವಾರ. ಕವಲಂದೆ.

ಒಂದು ಸಾಲು ಬರೆದುಕೊಟ್ಟಿದ್ದರೆ ಮುಗಿಯುತ್ತಿತ್ತು. ಕೈ ಬರಲಿಲ್ಲ.

ತಾಂಡ್ಯದ ನಮ್ಮ ಫ್ಯಾಕ್ಟರಿಯ ಬಟ್ಟೆ ವಿಮಾನದಲ್ಲಿ ಜರ್ಮನಿಗೆ ಹೋಗುತ್ತದೆ. ವಿಮಾನದ ಹೊಗೆಗೆ ಬದಲಾಗಿ ಅದನ್ನು ಹೀರುವಷ್ಟು ಮರ ಇಲ್ಲಿ ತೋರಿಸಿ ಅನ್ನುತ್ತಾರೆ ಬಟ್ಟೆ ಕೊಳ್ಳುವ ಅಲ್ಲಿನವರು. ನಮ್ಮ ಹೊಲದ ಬದುವಿನಲ್ಲಿ ಅಪ್ಪ ನೆಟ್ಟ ಹೊಂಗೆಗಳಿವೆಯಲ್ಲ ಎಂದು ನಾನೇ ಮ್ಯಾನೇಜರಿಗೆ ಹೇಳಿದ್ದೆ. ಇವತ್ತು ಬೆಂಗಳೂರಿನಿಂದ ಒಬ್ಬರು ಪರಿಶೀಲನೆಗೆ ಬಂದರು. ಮರಗಳನ್ನು ನೋಡಿ ನನ್ನ ಕೈಗೊಂದು ಫಾರಂ ಕೊಟ್ಟರು.

"ಮೊದಲೇ ಇದ್ದ ಮರ ಲೆಕ್ಕಕ್ಕೆ ಬರಲ್ಲ ಮೇಡಂ. ಕಡಿಯೋಣ ಅಂತಿದ್ವಿ, ಇದಕ್ಕೋಸ್ಕರ ಉಳಿಸ್ಕೊಂಡ್ವಿ ಅಂತ ಬರ್ಕೊಡಿ, ಬರುತ್ತೆ."

ಇರುವ ಮರಕ್ಕೆ ಬೆಲೆಯಿಲ್ಲ, ಕಡಿಯುವ ಯೋಚನೆಗೆ ಬೆಲೆಯಂತೆ! ಆದರೂ ಪೆನ್ನು ತೆಗೆದೆ. ಪಕ್ಕದಲ್ಲೇ ಅವ್ವ ನಿಂತಿದ್ದಳು.

"ನಿನ್ ಮದ್ವೇಲಿ ಸೌದೆ ಸಾಲ್ದಿದ್ದಾಗ್ಲೂ ಇವನ್ನ ಕಡೀನಿಲ್ಲ ಕಣವ್ವ. ಮರದ ಎದುರ್ಗೇ ಎಂಗ್ ಬರ್ದೀಯೆ?"

ಈ ಗಿಡಗಳಿಗೆ ನಾನು ಬಾಯಿ ಒಡೆದ ಕೊಡದಲ್ಲಿ ನೀರು ಹೊತ್ತವಳು. ಬೇಸಿಗೆಯಲ್ಲಿ ಅಪ್ಪ ಇದೇ ನೆರಳಿಗೆ ಊಟಕ್ಕೆ ಕೂರುತ್ತಿದ್ದ. ಮುದ್ದೆಯ ಮೇಲೆ ಹೂ ಉದುರುತ್ತಿತ್ತು. ಬೈಯುತ್ತಿರಲಿಲ್ಲ, ಜಾಗ ಬದಲಿಸುತ್ತಿರಲಿಲ್ಲ. ಉಫ್ ಎಂದು ಊದಿ ತಿನ್ನುತ್ತಿದ್ದ. ನನ್ನ ಮುದ್ದೆಯನ್ನೂ ಅವನೇ ಊದಿ ಕೊಡುತ್ತಿದ್ದ. ಅವನ ಟವಲಿಗೆ ಸಂಜೆಯವರೆಗೂ ಆ ಹೂವಿನ ವಾಸನೆ.

ಫಾರಂ ಖಾಲಿಯಾಗಿಯೇ ವಾಪಸ್ ಕೊಟ್ಟೆ. ನನ್ನ ಮಾತು ನಂಬಿ ಮ್ಯಾನೇಜರು ಮರ ತೋರಿಸುತ್ತೇವೆಂದು ಜರ್ಮನಿಗೆ ಆಗಲೇ ಒಪ್ಪಿಗೆ ಕಳಿಸಿದ್ದಾರೆ. ನಾಳೆ ಯಾವ ಮುಖ ಹೊತ್ತು ಕೆಲಸಕ್ಕೆ ಹೋಗಲಿ?

ಈಗ ಜಡೆಗೆ ಸಿಕ್ಕಿಕೊಂಡು ಬಂದಿದ್ದ ಒಂದು ಹೊಂಗೆ ಹೂ ಈ ಪುಟದ ಮೇಲೆ ಬಿತ್ತು. ಊದಲು ಮನಸ್ಸು ಬರುತ್ತಿಲ್ಲ. ಅದರ ಸುತ್ತಲೇ ಬರೆಯುತ್ತಿದ್ದೇನೆ.