ಮೊಮ್ಮಗಳ ಕಬ್ಬಿಣದ ಹಿಟ್ಟು

ಸೆಪ್ಟೆಂಬರ್ 27, ಶನಿವಾರ

ಬೆಳಿಗ್ಗೆಯಿಂದ ರಾಗಿ ಬೀಸಿದ್ದೇ ಬೀಸಿದ್ದು. ಹಬ್ಬ ಬಂತು ಅಂದ್ರೆ ಹೊಳೆನರಸೀಪುರವೆಲ್ಲ ನನ್ನ ಮಿಲ್ಲಿಗೇ. ಮೂಲೇಲಿ ಮೊಮ್ಮಗಳು ಪ್ರತಿಭಾಳ ಮಿಷನ್ನೂ ಗಡಗಡ ಅಂತಿದೆ. ಪಿಎಚ್‌ಡಿ ಮಾಡ್ತಾಳೆ ಹಾಸನದಲ್ಲಿ. ಇದು ಹಗಲೂ ರಾತ್ರಿ ಓಡಬೇಕು, ಅಲ್ಲಿ ಕಾಲೇಜಿಗೆ ಸಂಜೆ ಬೀಗ, ಅದಕ್ಕೇ ಇಲ್ಲಿ ತಂದಿಟ್ಟಳು. ಉಕ್ಕಿನ ಡಬ್ಬ, ಒಳಗೆ ಉಕ್ಕಿನ ಗುಂಡು, ಕಬ್ಬಿಣ-ನಿಕ್ಕಲ್ ಪುಡಿ.

"ಇಷ್ಟ್ಯಾಕೆ ಅರೀತೀಯೇ?"

"ಮೊದಮೊದಲು ಈ ಪುಡಿಗೆ ಹಠ ಜಾಸ್ತಿ ತಾತ. ಒಂದ್ಸಲ ಅಯಸ್ಕಾಂತ ಆದ್ರೆ ಬಿಡಲ್ಲ ಅಂತದೆ. ಕಣ ಇನ್ನೂ ಸಣ್ಣಗಾದ್ರೆ ಹಠ ಬಿಡ್ತದೆ. ಅಂಥದ್ದು ಹಾಕಿದ್ರೆ ಟ್ರಾನ್ಸ್‌ಫಾರ್ಮರ್ ಬಿಸಿಯಾಗೋದು ಕಮ್ಮಿ."

"ಅಂಗಾರೆ ನಿಮ್ಮ ತಾತನ್ನೂ ಒಳಗೆ ಹಾಕು" ಅಂದಳು ನನ್ನ ಹೆಂಡತಿ ಕಮಲಾಕ್ಷಿ.

ಅಕ್ಟೋಬರ್ 1, ಆಯುಧಪೂಜೆ

ಹಾಳಾಯ್ತು. ಪೂಜೆ ದಿನ ಮಿಷನ್ ಒಳಗೆ ಹಳೇ ಹಿಟ್ಟು ಇರಬಾರದು, ಬಿಚ್ಚಿ ತೊಳೀಬೇಕು — ನಮ್ಮಲ್ಲಿ ಪದ್ಧತಿ. ಕಮಲಾಕ್ಷಿ ಆ ಡಬ್ಬದ ಬೋಲ್ಟೂ ಬಿಚ್ಚಿದ್ದಾಳೆ. ಅಷ್ಟು ಸಣ್ಣ ಪುಡಿ ಗಾಳಿ ತಾಗಿದ್ರೆ ಹೊತ್ಕೊಳ್ತದೆ ಅಂತ ಬೆಂಕಿ ಹತ್ತದ ಗ್ಯಾಸ್ ತುಂಬಿ ಬಿಗಿದಿದ್ದ ಡಬ್ಬ. ಮೊರಕ್ಕೆ ಸುರಿದದ್ದೇ ತಡ, ಪುಡಿ ಕೆಂಡ. ಮೊರ ಬೂದಿ. ಇವಳ ಕೈ ಉಳೀತು, ಸದ್ಯ.

ಹದಿನೈದಕ್ಕೆ ಆ ಪುಡಿ ಟೆಸ್ಟಿಗೆ ಹೋಗಬೇಕು. ತಪ್ಪಿದ್ರೆ ಒಂದು ವರ್ಷ ಹೋಯ್ತು.

ಮಗ ಪರಮೇಶ, ಪ್ರತಿಭಾಳ ಅಪ್ಪ, ಇದಕ್ಕೇ ಕಾಯ್ತಿದ್ದ ಅನ್ಸುತ್ತೆ. "ದೇವ್ರೇ ಬೇಡ ಅಂದಂಗಾಯ್ತಲ್ಲಪ್ಪ. ಸಾಕು ಮಾಡ್ಸು. ಚನ್ನರಾಯಪಟ್ಟಣದ ಗಂಡಿನವರು ಎಷ್ಟು ದಿನ ಕಾಯ್ತಾರೆ?"

"ನಿನ್ನ ಕಿವೀಲಿ ಬಂದು ಹೇಳಿದ್ನೇನ್ಲಾ ದೇವ್ರು?" ಅಂದೆ.

ಪ್ರತಿಭಾ ಅಳಲಿಲ್ಲ. ಅಜ್ಜೀನ ಬೈಲೂ ಇಲ್ಲ. "ಮತ್ತೆ ಅರೀತೀನಿ. ಕರೆಂಟು ಕೊಡ್ತೀಯಾ ತಾತ?"

ಕೇಳ್ತಾಳಲ್ಲ, ಕತ್ತೆ.

ಅಕ್ಟೋಬರ್ 3

ಹಾಸನದಲ್ಲಿ ಡಬ್ಬಕ್ಕೆ ಹೊಸ ಪುಡಿ, ಗ್ಯಾಸ್ ತುಂಬಿಸಿ ಬಸ್ಸಲ್ಲಿ ತಂದಳು. ಶುರು.

ಎದುರುಮನೆ ಆಶಾರಾಣಿ — "ಆ ಕಬ್ಬಿಣ ನಮ್ಮ ರಾಗಿಗೆ ಬೀಳಲ್ವಾ ಚಂದ್ರಯ್ಯನವ್ರೆ?"

ಅನುಮಾನ ಇದ್ರೆ ಬೇರೆ ಮಿಲ್ಲಿಗೆ ಹೋಗಿ ಅಂದೆ. ಹೋದಳು. ಹಿಂದೇನೇ ಇನ್ನಿಬ್ಬರು. ಹೋಗ್ಲಿ.

ಅಕ್ಟೋಬರ್ 11

ನನ್ನ ಕೇಳದೆ ಪರಮೇಶ ಗಂಡಿನವರಿಗೆ ನಾಳೆ ಬನ್ನಿ ಅಂದಿದ್ದಾನೆ. ಬಂದಾಗ ಆ ಸದ್ದು ಇರಬಾರದಂತೆ.

ಹದಿನೈದಕ್ಕೆ ನಾಲ್ಕೇ ದಿನ, ನಿಲ್ಸೋಕಾಗಲ್ಲ. ಇರ್ತದೆ.

ಅಕ್ಟೋಬರ್ 12, ರಾತ್ರಿ

ಬಂದ್ರು. ಗಡಗಡದಲ್ಲೇ ಉಪ್ಪಿಟ್ಟು ತಿಂದ್ರು. ಹುಡುಗನ ತಾಯಿ ಕೂಗಿ ಕೇಳಿದ್ಲು — "ಮದುವೆ ಆದ್ಮೇಲೆ ಇದೆಲ್ಲ ಇರಲ್ವಲ್ಲ?"

ನಾನು ಬಾಯಿ ಬಿಡೋ ಮೊದ್ಲೇ ಕಮಲಾಕ್ಷಿ — "ಮಿಷನ್ನೂ ಜೊತೇಲೇ ಬತ್ತದೆ ಕಣಮ್ಮ. ಜಾಗ ಮಾಡ್ಕಳಿ."

ಕಾರು ತಿರುಗಿಸ್ಕೊಂಡು ಹೋದ್ರು. ಪರಮೇಶ ಮಿಷನ್ ನಿಲ್ಸೋಕೆ ಮೈನ್ ಸ್ವಿಚ್ ಕಡೆ ಎದ್ದ. ಕಮಲಾಕ್ಷಿ ಆಗಲೇ ಅದರ ಕೆಳಗೆ ಸ್ಟೂಲ್ ಹಾಕ್ಕೊಂಡು ಕೂತಿದ್ಲು. ಈಗ್ಲೂ ಕೂತಿದ್ದಾಳೆ. ಉಂಡೂ ಇಲ್ಲ. ಅವಳನ್ನ ಎಬ್ಬಿಸಿ ನಾನು ಕೂತ್ಕೋಬೇಕು, ಸಾಕು ಬರೆದದ್ದು.