ತೊಡೆಯ ಮೇಲೆ ಮಲಗಿದ ಹುಲಿಮರಿ

ಅಕ್ಕನಿಗೆ ತಮ್ಮನ ನಮಸ್ಕಾರ.

ನಿನ್ನಿಂದ ಒಂದು ಕೆಲಸ ಆಗಬೇಕು. ನಿಮ್ಮ ಟಿವಿ ಮೇಲಿನ ಫೋಟೊ ತೆಗೆದುಬಿಡು, ನಮ್ಮ ಮಾತಿನಮಲ್ಲಿ ಹುಲಿಮರಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡಿರುವುದು. ಮಗಳು ಕೇಳಿದರೆ ಗೋಡೆಗೆ ಬಣ್ಣ ಹೊಡೆಸಬೇಕು ಅನ್ನು.

ಅವತ್ತು ನೀವು ನಾನು ಕೆಲಸ ಮಾಡುವ ಈ ಪ್ರಾಣಿ ಪಾರ್ಕಿಗೆ ಬಂದಾಗ ಅವಳು, "ಮಾಮ, ಇದು ನನ್ನ ಹತ್ರಾನೇ ಯಾಕೆ ನಿದ್ದೆ ಮಾಡ್ತು?" ಎಂದಳು. "ನಿನ್ನ ಕಂಡ್ರೆ ಅದಕ್ಕೆ ಅಷ್ಟು ಇಷ್ಟ ಕಣೇ" ಎಂದೆ. ನೀನೂ ಹಿಗ್ಗಿದೆ.

ದಿನಾ ಬೆಳಿಗ್ಗೆ ಟಿಕೆಟ್ ಕಿಟಕಿ ತೆರೆಯುವ ಮೊದಲು ಮರಿಗಳ ಹಾಲಿಗೆ ನಿದ್ದೆ ಔಷಧಿ ಬೆರೆಸುವುದು ನನ್ನ ಕೆಲಸ. ಬಂದವರು ಎತ್ತಿಕೊಂಡಾಗ ಪರಚಬಾರದಲ್ಲ. ಲೆಕ್ಕ ಮೂರು ಹನಿ. ಅವತ್ತು ಬರುವುದು ನಮ್ಮ ಮನೆ ಮಗು, ಮೈಮೇಲೆ ಒಂದು ಗೀರೂ ಬೀಳಬಾರದೆಂದು ಆರು ಹನಿ ಹಾಕಿದೆ.

ನೀವು ಬಸ್ಸು ಹತ್ತಿದ ಮೇಲೂ ಮರಿ ಏಳಲಿಲ್ಲ. ಮರುದಿನವೂ ಏಳಲಿಲ್ಲ. ಮಾಲೀಕರು ಬೈಯಲಿಲ್ಲ, ಇನ್ನೊಂದನ್ನು ತರಿಸಿದರು. ಅದಕ್ಕೂ ಹಾಲು ಕುಡಿಸುವವನು ನಾನೇ.

ಇದನ್ನು ಅವಳಿಗೆ ಹೇಳುವ ಮುಖ ನನಗಿಲ್ಲ. ಈ ರಜೆಗೆ ಅವಳನ್ನು ಇಲ್ಲಿಗೆ ಕರೆತರಬೇಡ. ಹೊಸ ಮರಿ ನೋಡಲು ಥೇಟ್ ಹಾಗೇ ಇದೆ, ಹೆಸರೂ ಅದನ್ನೇ ಇಟ್ಟಿದ್ದಾರೆ. "ಮಾಮ, ಇದಕ್ಕೆ ನನ್ನ ಗುರುತು ಸಿಕ್ತು!" ಎನ್ನುತ್ತಾಳೆ. ನಾನು ಹೌದು ಎಂದುಬಿಡುತ್ತೇನೆ.

ನಿನ್ನ ತಮ್ಮ